ಸತಾರಮೇಕರ ಗಲ್ಲಿ

ಮಿರಜ ಸ್ಟೇಷನ್ನಿನ ಹೊರಗೆ ರಿಕ್ಷಾದವರು ಮೊದಲು ಮರಾಠಿಯಲ್ಲಿ ಕರೆಯುತ್ತಾರೆ. ಉತ್ತರ ಒಂದು ಗಳಿಗೆ ತಡವಾದರೆ ಸಾಕು, "ಯಾವೂರ್ರೀ?" ಎಂದು ಕನ್ನಡಕ್ಕೆ ಹೊರಳುತ್ತಾರೆ. ಬೆಳಗಾವಿ, ವಿಜಯಪುರದ ಕಡೆಯ ಮಂದಿ ದವಾಖಾನೆಗೆಂದು ಇಲ್ಲಿಗೆ ಬರುವುದು, ಇಲ್ಲಿ ಮಿಶನ್ ಆಸ್ಪತ್ರೆ ಕಟ್ಟಿದ ವಾನ್ಲೆಸ್ ಡಾಕ್ಟರರ ಕಾಲದಿಂದ ನಡೆದುಬಂದ ರೂಢಿ. ಊರ ಹೆಸರು ಹೇಳಿದ್ದೇ ತಡ, ಸಲಿಗೆಯ ಧಾಟಿಯೇ ಬೇರೆ. ಆದರೆ ಮಿರಜ ಇರುವ ಸಾಂಗ್ಲಿ ಜಿಲ್ಲೆಯದೇ ಆದ ಜತ್ತ ತಾಲೂಕಿನವರಿಗೆ ಈ ಪ್ರಶ್ನೆ ಅಷ್ಟು ಹಗುರವಲ್ಲ. ಮನೆಮಾತು ಕನ್ನಡ, ಮಕ್ಕಳು ಓದುವುದು ಮಹಾರಾಷ್ಟ್ರದ ಕನ್ನಡ ಶಾಲೆಯಲ್ಲಿ. ಎದುರಿಗೆ ನಿಂತವರು ಯಾರು ಎನ್ನುವುದರ ಮೇಲೆ ಅವರು ಒಮ್ಮೆ ಈ ಕಡೆಯವರು, ಒಮ್ಮೆ ಆ ಕಡೆಯವರು.

ಷಿಕಾಗೋದಲ್ಲಿ ತತ್ವಶಾಸ್ತ್ರದ ಪಾಠ ಹೇಳುತ್ತಿದ್ದ ಜಾರ್ಜ್ ಹರ್ಬರ್ಟ್ ಮೀಡ್ ಇದನ್ನೇ ಜೀವಮಾನವಿಡೀ ಯೋಚಿಸಿದವರು. 'ನಾನು' ಎನ್ನುವುದು ಒಳಗೆ ಸಿದ್ಧವಾಗಿ ಆಮೇಲೆ ಹೊರಗೆ ಬರುವುದಿಲ್ಲ, ನಾಲ್ಕು ಜನರೊಡನೆ ಕೊಟ್ಟು ತೆಗೆದುಕೊಳ್ಳುವ ಮಾತಿನಲ್ಲೇ ಅದು ಹುಟ್ಟುತ್ತದೆ ಎಂದರು. 1931ರಲ್ಲಿ ಅವರು ತೀರಿಕೊಂಡ ಮೇಲೆ, ತರಗತಿಯ ಟಿಪ್ಪಣಿಗಳಿಂದ ಅವರ ಪಾಠಗಳು 1934ರಲ್ಲಿ ಪುಸ್ತಕವಾದವು. ವಸ್ತುಗಳ ಅರ್ಥವೂ ಹಾಗೆಯೇ ಜನರ ನಡುವೆ ಹುಟ್ಟುತ್ತದೆ ಎಂದು ಅವರ ಹಾದಿಯಲ್ಲೇ ನಡೆದ ಹರ್ಬರ್ಟ್ ಬ್ಲೂಮರ್ ಹೇಳಿದರು. ಪುಸ್ತಕದಲ್ಲಿ ಓದುವಾಗ ಒಣಗಿದಂತೆ ಕಾಣುವ ಈ ಮಾತು ಮಿರಜಿನ ಸತಾರಮೇಕರ ಗಲ್ಲಿಯಲ್ಲಿ ಚಿಗುರುತ್ತದೆ.

ಅಲ್ಲಿನ ಶಿಕಲಗಾರರು ಮೂಲದಲ್ಲಿ ಕತ್ತಿ, ಗುರಾಣಿ ಮಾಡುತ್ತಿದ್ದವರು. ಬ್ರಿಟಿಷರ ಆಳ್ವಿಕೆ ಬಂದು ಆಯುಧ ಕೇಳುವವರು ಕಡಿಮೆಯಾದರು. ಪಟವರ್ಧನ ಸಂಸ್ಥಾನಕ್ಕೆ ಬರುತ್ತಿದ್ದ ಗವಾಯಿಗಳ ವಾದ್ಯಗಳು ಕೆಡುತ್ತಿದ್ದವು, ರಿಪೇರಿಗೆ ಕೈ ಬೇಕಿತ್ತು. 19ನೇ ಶತಮಾನದ ನಡುವಿನಲ್ಲಿ ಫರೀದಸಾಹೇಬರು ಆ ಕೆಲಸ ಹಿಡಿದರು. ರಿಪೇರಿ ಮಾಡುತ್ತ ಮಾಡುತ್ತ ಸಿತಾರ, ತಂಬೂರಿ ಕಟ್ಟುವುದಕ್ಕೇ ಇಳಿದರು. ಸಿತಾರ ಮಾಡುವವರು ಎಂಬ ಅರ್ಥದ 'ಸತಾರಮೇಕರ' ಮನೆತನದ ಅಡ್ಡಹೆಸರಾಯಿತು, ಗಲ್ಲಿಗೂ ಅಂಟಿಕೊಂಡಿತು. ಹೊಲದಲ್ಲಿ ಯಾರೂ ಅಡಿಗೆಗೆ ಮುಟ್ಟದ ಕಹಿಗುಂಬಳ ಪಂಢರಪುರದ ಕಡೆಯಿಂದ ಇಲ್ಲಿಗೆ ಬಂದರೆ ತಂಬೂರಿಯ ಬುರುಡೆ. 2024ರಲ್ಲಿ ಮಿರಜಿನ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಜವಾರಿಯ ಕೆಲಸ. ತಂತಿ ಕೂರುವ ಕುದುರೆಯ ಮೈಯನ್ನು ಅರದಿಂದ ಒಂದಿಷ್ಟು ಉಜ್ಜುತ್ತಾರೆ, ತಂತಿ ಮೀಟುತ್ತಾರೆ, ತಂತಿಯ ಕೆಳಗೆ ನೂಲೆಳೆ ಸರಿಸುತ್ತಾರೆ, ಮತ್ತೆ ಮೀಟುತ್ತಾರೆ. ಒಂದು ಕ್ಷಣದಲ್ಲಿ ಮೊಂಡಾಗಿದ್ದ ದನಿ ಬಿಚ್ಚಿಕೊಂಡು ಝೇಂಕರಿಸುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ. ಒಬ್ಬ ಹಾಡುಗರಿಗೆ ಝೇಂಕಾರ ತೆರೆದುಕೊಂಡ ಖುಲಾ ಜವಾರಿ ಬೇಕು, ಇನ್ನೊಬ್ಬರಿಗೆ ಅದು ಅಡಗಿದ ಬಂದ್ ಜವಾರಿ ಬೇಕು. ಹಾಡುವವರ ಕಿವಿ ಒಪ್ಪುವವರೆಗೆ ಆ ತಂಬೂರಿ ಇನ್ನೂ ತಂಬೂರಿಯಲ್ಲ. ಉಜ್ಜುವ ಕೈ, ಕೇಳುವ ಕಿವಿ ಎರಡೂ ಎದುರುಬದುರು ಕೂತೇ ಆ ಸ್ವರ ಹುಟ್ಟಬೇಕು.

ಪಕ್ಕದ ಸಾಂಗ್ಲಿಯ ನಾಟಕದ ಕಥೆಯೂ ಇಂಥದ್ದೇ. ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳ ಅಲ್ಲಿ ಆಡಿದ್ದನ್ನು ಕಂಡು ಸಾಂಗ್ಲಿಯ ಸಂಸ್ಥಾನಿಕರು ಮರಾಠಿಯಲ್ಲೂ ಅಂಥದ್ದು ಬೇಕೆಂದರು. ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾ ಸ್ವಯಂವರ' ಆಡಿಸಿದರು. ಮರಾಠಿ ರಂಗಭೂಮಿ ತನ್ನನ್ನು ತಾನು ಕಂಡುಕೊಂಡದ್ದು ಕನ್ನಡದ ಮೇಳವೊಂದರ ಎದುರು ನಿಂತು ಎನ್ನುವುದು ನನಗೆ ಬಹಳ ಪ್ರೀತಿಯ ಸಂಗತಿ. ಬದುಕನ್ನೇ ರಂಗಕ್ಕೆ ಹೋಲಿಸಿದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್ಮನ್, ನಾವೆಲ್ಲ ನೋಡುಗರ ಮುಂದೆ ಪಾತ್ರ ಕಟ್ಟುತ್ತೇವೆ ಎಂದರು. ಅರ್ಧ ಒಪ್ಪುತ್ತೇನೆ. ನೋಡುಗರು ಬರೀ ನೋಡುವುದಿಲ್ಲ, ಪಾತ್ರವನ್ನು ಅವರೂ ಕಟ್ಟುತ್ತಾರೆ. ಕೆಲವೊಮ್ಮೆ ಕಟ್ಟಿಹಾಕುತ್ತಾರೆ ಕೂಡ.

ಹಾಡುವವರ ಬದುಕಿನಲ್ಲೂ ಇದನ್ನು ಕಾಣಬಹುದು. ಕಿರಾಣಾ ಘರಾಣೆಯ ಗಾಯಕ ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿ ನೆಲೆಸಿದವರು. 1937ರಲ್ಲಿ ದಕ್ಷಿಣದ ಪ್ರವಾಸದಲ್ಲಿ ತೀರಿಕೊಂಡಾಗ ದೇಹವನ್ನು ಇಲ್ಲಿಗೇ ತಂದು ಮೀರಾಸಾಹೇಬ ದರ್ಗಾದ ಆವರಣದಲ್ಲಿ ಮಣ್ಣು ಮಾಡಿದರು. ಅವರ ಶಿಷ್ಯ ಕುಂದಗೋಳದ ರಾಮಭಾವು ಸವಾಯಿ ಗಂಧರ್ವರಾದರು, ಸವಾಯಿಯವರ ಶಿಷ್ಯ ಗದಗಿನ ಭೀಮಸೇನ ಜೋಶಿ ಪಂಡಿತರಾದರು. ಮಿರಜಿನಲ್ಲೇ ಹುಟ್ಟಿದ ಖಾನರ ಮಗಳು ಚಂಪಾಕಲಿ, ತಾಯಿ ತಾರಾಬಾಯಿ ಗಂಡನನ್ನು ಬಿಟ್ಟು ಬಂದ ಮೇಲೆ ಹೀರಾಬಾಯಿಯಾಗಿ ಬೆಳೆದರು. ಹೆಂಗಸು ಸಭೆಯಲ್ಲಿ ಹಾಡಿದರೆ ಬೇರೆಯೇ ಅರ್ಥ ಹಚ್ಚುತ್ತಿದ್ದ ಕಾಲ ಅದು. ಹೀರಾಬಾಯಿ ಬಡೋದೇಕರ ಟಿಕೆಟ್ಟಿನ ಸಾರ್ವಜನಿಕ ಕಛೇರಿಗಳಲ್ಲಿ ಕೂತು ಹಾಡಿದರು. ಸಂಸಾರಸ್ಥರು ದುಡ್ಡು ಕೊಟ್ಟು ಬಂದು, ಮರ್ಯಾದೆಯಿಂದ ಕೇಳಿ, ತಲೆದೂಗಿ ಎದ್ದುಹೋದರು. ಅದೇ ರಾಗ, ಅದೇ ಖಯಾಲು, ಆದರೆ ಹಾಡುವ ಹೆಣ್ಣಿಗೆ ಊರು ಕೊಡುವ ಅರ್ಥ ಬದಲಾಗತೊಡಗಿತು. ಪೂರ್ತಿ ಬದಲಾಗಲಿಲ್ಲ. ಅದೇ ಘರಾಣೆಯ ನಮ್ಮ ಗಂಗೂಬಾಯಿ ಹಾನಗಲ್ಲರು ಮುಂದೆ ನೋವಿನಿಂದ ಹೇಳಿದ್ದರು: ಗಂಡಸರು ಉಸ್ತಾದರಾಗುತ್ತಾರೆ, ಪಂಡಿತರಾಗುತ್ತಾರೆ, ಹೆಂಗಸರು ಮಾತ್ರ ಬಾಯಿ ಆಗಿಯೇ ಉಳಿಯುತ್ತಾರೆ ಎಂದು.