ಶ್ರೀರಂಗಪಟ್ಟಣದ ಸೆರೆಮನೆಗಳು

ಪಿಲ್ಲಗುಂಪೆಯ ಕಾರ್ಖಾನೆಗಳಿಂದ ರಾತ್ರಿಪಾಳಿಯವರು ಹೊರಬಂದು ಬೆಳಗಿನ ಪಾಳಿಯವರು ಒಳಹೋಗುವ ಹೊತ್ತಿನಲ್ಲಿ, ಚಹಾದಂಗಡಿಗಳ ಮುಂದೆ ನೆರೆದಿದ್ದ ಜನಸಂದಣಿಯನ್ನು ದಾಟಿ ಹೊಸಕೋಟೆಗೆ ಬಂದು, ಅಲ್ಲಿಂದ ಬೆಂಗಳೂರಿನ ಬಸ್ಸನ್ನು ಹಿಡಿದೆನು. ಶ್ರೀರಂಗಪಟ್ಟಣಕ್ಕೆ ಹೊರಟಿರುವೆನೆಂದಾಗ ರಂಗನಾಥನ ದರ್ಶನಕ್ಕಾಗಿಯೇ ಇರಬೇಕೆಂದು ಪರಿಚಿತರು ಭಾವಿಸಿದರು. ಸೆರೆಮನೆಯನ್ನು ನೋಡಲೆಂದು ಹೇಳಿದರೆ ನಗುವರೆಂಬ ಸಂಕೋಚದಿಂದ ನಾನೂ ಸುಮ್ಮನಿದ್ದೆನು. ಟಿಪ್ಪೂ ಸುಲ್ತಾನನು ಹುಟ್ಟಿದ ದೇವನಹಳ್ಳಿಯು ನಮ್ಮ ಜಿಲ್ಲೆಯದೇ ಆದುದರಿಂದ, ಅವನು ಮಡಿದ ಊರನ್ನೂ, ಅಲ್ಲಿ ಹಗೆಗಳನ್ನು ಕೂಡಿಹಾಕಿದನೆಂದು ಹೇಳುವ ಕತ್ತಲಮನೆಗಳನ್ನೂ ಕಾಣಬೇಕೆಂಬ ಹಂಬಲವು ನನಗೆ ಬಹುದಿನದಿಂದ ಇದ್ದಿತು.

ಮೆಜೆಸ್ಟಿಕ್ಕಿನ ಸಮೀಪದಲ್ಲಿಯೇ, ಶೇಷಾದ್ರಿ ರಸ್ತೆಯ ಬದಿಗೆ, ಹಿಂದಿನ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್ ಎಂಬ ಹೆಸರು ಹೊತ್ತು ನಿಂತಿದೆ. 1975ರ ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿಯವರಂಥ ನಾಯಕರನ್ನೂ ಕಲಾವಿದೆ ಸ್ನೇಹಲತಾ ರೆಡ್ಡಿಯವರನ್ನೂ ಬಂಧಿಸಿಟ್ಟಿದ್ದ ಆ ಆವರಣವು, ಕೈದಿಗಳೆಲ್ಲ ಪರಪ್ಪನ ಅಗ್ರಹಾರಕ್ಕೆ ಹೋದ ಬಳಿಕ, 2008ರಲ್ಲಿ ಉದ್ಯಾನವಾಯಿತು. ರಾಜಧಾನಿಯ ಸೆರೆಮನೆಗೆ ಅಂಥ ಭಾಗ್ಯವು ಒದಗುತ್ತದೆ; ಸಣ್ಣ ಊರಿನದಕ್ಕೆ ಪ್ರವಾಸಿಗರ ಹತ್ತು ನಿಮಿಷದ ಕುತೂಹಲವೇ ಆಸರೆ.

ಬೆಂಗಳೂರಿನಿಂದ ಮುಂದಿನ ರೈಲಿನ ಪಯಣವನ್ನು ವರ್ಣಿಸುವ ಅಗತ್ಯವಿಲ್ಲ. ರಾಮನಗರದ ಬಂಡೆಗಳು, ಮದ್ದೂರಿನ ವಡೆ, ಮಂಡ್ಯದ ಕಬ್ಬು, ಇವು ಯಾವ ಕನ್ನಡಿಗನಿಗೆ ತಿಳಿಯವು? ಆದರೆ ಕಾವೇರಿಯ ಸೇತುವೆಯನ್ನು ದಾಟುತ್ತಲೇ ಹಳಿಯು ಕೋಟೆಯ ಒಳಗಿನಿಂದಲೇ ಹಾದುಹೋಗುವುದನ್ನು ಕಂಡಾಗ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಯಿತು. ಈ ಹಳಿಯನ್ನು ಜೋಡಿಮಾರ್ಗ ಮಾಡುವಾಗ ಅಡ್ಡಬಂದ ಟಿಪ್ಪುವಿನ ಮದ್ದಿನ ಮನೆಯೊಂದನ್ನು 2017ರಲ್ಲಿ ಕೆಡವದೆ, ಇಡಿಯ ಕಟ್ಟಡವನ್ನೇ ಬುಡಸಹಿತ ಮೇಲೆತ್ತಿ, ನೂರು ಮೀಟರಿಗೂ ಮಿಗಿಲಾದ ದೂರಕ್ಕೆ ಸರಿಸಿ ನೆಲೆಗೊಳಿಸಿದರು. ಕೆಡವುವುದನ್ನೇ ಸುಲಭೋಪಾಯವೆಂದು ಬಗೆಯುವ ನಮ್ಮ ನಾಡಿನಲ್ಲಿ ಇಂಥದೊಂದು ಕಾರ್ಯವು ನಡೆಯಿತೆಂಬುದು ಹೆಮ್ಮೆಪಡತಕ್ಕ ವಿಷಯವೇ ಸರಿ.

ನಿಲ್ದಾಣದಿಂದ ಜಟಕಾ ಏರಿದೆನು. ವೃದ್ಧನಾದ ಜಟಕಾವಾಲನು ರಂಗನಾಥಸ್ವಾಮಿಯ ಗುಡಿಯ ಉತ್ತರಕ್ಕೆ, ಹೊಳೆಯ ಕಡೆ ಕೈಮಾಡಿ, "ಅದೇ ನೋಡಿ ಸ್ವಾಮಿ, ಬೇಲಿ ದೊರೆ ಜೈಲು. ಹೊಳೇ ನೀರ ಕುತ್ಗೆಮಟ ಬಿಟ್ಟು ನಿಲ್ಸೋರಂತೆ," ಎಂದನು. "ನೀನು ಯಾರಿಂದ ಕೇಳಿದೆಯಪ್ಪ?" ಎಂದರೆ, "ನಮ್ಮಪ್ಪ ಹೇಳೋರು, ಅವರೂ ಇದೇ ಗಾಡಿ ಹೊಡಿಯೋರು," ಎಂದು ನಕ್ಕನು.

ಮೇಲಿನಿಂದ ನೋಡಿದರೆ ಅಲ್ಲಿ ಸೆರೆಮನೆಯಿದೆಯೆಂಬ ಅನುಮಾನವೂ ಹುಟ್ಟದು. ಮೆಟ್ಟಿಲಿಳಿದು ಹೋದರೆ, ಇಟ್ಟಿಗೆ ಗಾರೆಗಳಿಂದ ಕಟ್ಟಿ ಬೆಳ್ಳಗೆ ಸುಣ್ಣ ಬಳಿದ ಕಮಾನುಗಳ ಸಾಲು, ಸುಮಾರು 30 ಮೀಟರು ಉದ್ದ, 12 ಮೀಟರು ಅಗಲವಾದ ತಣ್ಣನೆಯ ನೆಲಮಾಳಿಗೆ. ಗೋಡೆಗೆ ಹುದುಗಿಸಿದ ಕಲ್ಲುಚಪ್ಪಡಿಗಳಲ್ಲಿ ಸಂಕೋಲೆಗಾಗಿ ಕೊರೆದ ರಂಧ್ರಗಳಿವೆ. ಒಂದರಲ್ಲಿ ಬೆರಳಿಟ್ಟು ನೋಡಿದೆನು, ಅಂಚು ನುಣುಪಾಗಿದ್ದಿತು. ಅದನ್ನು ಸವೆಸಿದುದು ಸರಪಣಿಯೋ, ನನ್ನಂಥ ಪ್ರವಾಸಿಗರ ಬೆರಳೋ! ನಡುವೆ ಒಂದು ಫಿರಂಗಿಯು ಬಿದ್ದಿದೆ. 1799ರ ಮುತ್ತಿಗೆಯಲ್ಲಿ ಅದು ಮೇಲಿನ ಕೊತ್ತಲದಿಂದ ಛಾವಣಿಯನ್ನು ಭೇದಿಸಿಕೊಂಡು ಕೆಳಕ್ಕುರುಳಿತೆಂದು ಹೇಳುತ್ತಾರೆ.

1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನ ರಣರಂಗದಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕ ಇಂಗ್ಲಿಷ್ ಪಡೆಯ ಕರ್ನಲ್ ವಿಲಿಯಂ ಬೇಲಿಯು, 1782ರಲ್ಲಿ ಈ ಊರಿನಲ್ಲಿಯೇ ಬಂದಿಯಾಗಿ ಮೃತನಾದನು. ಅವನೊಡನೆ ಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ತರುಣ ಕಪ್ತಾನನೂ ಒಬ್ಬ. ಬಂದಿಗಳನ್ನು ಜೋಡಿಜೋಡಿಯಾಗಿ ಸಂಕೋಲೆಯಲ್ಲಿ ಬಿಗಿದಿರುವರೆಂಬ ಸುದ್ದಿಯು ಸ್ಕಾಟ್ಲೆಂಡಿಗೆ ಮುಟ್ಟಿದಾಗ, ಅವನ ತಾಯಿಯು ಮಗನಿಗಾಗಿ ಮರುಗದೆ, ಅವನ ಜತೆಯಲ್ಲಿ ಕಟ್ಟಿಸಿಕೊಂಡ ಪಾಪದವನಿಗಾಗಿ ಮರುಗಿದಳೆಂಬ ಕಥೆಯಿದೆ. 1784ರ ಮಂಗಳೂರು ಒಪ್ಪಂದದಿಂದ ಬಿಡುಗಡೆಯಾದ ಬೇರ್ಡನೇ 1799ರ ಮೇ 4ರಂದು ಇದೇ ಕೋಟೆಯನ್ನೇರಿದ ಪಡೆಯ ಮುಂದಾಳಾಗಿದ್ದುದು ವಿಧಿಯ ವಿಲಾಸವಲ್ಲದೆ ಮತ್ತೇನು? ಆದರೆ ಆ ಬಂದಿಗಳು ತಮ್ಮ ವಾಸವನ್ನು ಬಯಲಂಗಳದ ಸುತ್ತ ಇಳಿಮಾಡು ಹೊದಿಸಿದ ತಾಣವೆಂದು ವರ್ಣಿಸಿರುವುದನ್ನು ನೆನೆದರೆ, ಈ ನೆಲಮಾಳಿಗೆಗೂ ಅದಕ್ಕೂ ಹೊಂದಿಕೆಯಾಗದು. ಜಟಕಾವಾಲನ ಕುತ್ತಿಗೆಯುದ್ದದ ನೀರನ್ನು ನಾನಂತೂ ಪೂರ್ತಿ ನಂಬಲಾರೆ.

ಇಲ್ಲಿ ಸೆರೆಯಿದ್ದವರೆಲ್ಲ ಬಿಳಿಯರೇ ಆಗಿರಲಿಲ್ಲವೆಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. ಚನ್ನಗಿರಿಯ ಧೋಂಡಿಯಾ ವಾಘನೂ ಟಿಪ್ಪುವಿನ ಬಂದಿಯಾಗಿ ಈ ಪಟ್ಟಣದಲ್ಲಿದ್ದವನೇ. ಕೋಟೆ ಬಿದ್ದ ಗದ್ದಲದಲ್ಲಿ ಹೊರಬಿದ್ದು, ಎರಡು ಲೋಕಗಳ ಒಡೆಯನೆಂದು ತನ್ನನ್ನು ಕರೆದುಕೊಂಡು, ಕುದುರೆಪಡೆ ಕಟ್ಟಿ, ಒಂದು ವರ್ಷಕ್ಕೂ ಮಿಗಿಲಾಗಿ ಇಂಗ್ಲಿಷರನ್ನು ಕಾಡಿದ ಆತನನ್ನು ಆರ್ಥರ್ ವೆಲ್ಲೆಸ್ಲಿಯು ಕೋಣಗಲ್ಲಿನ ಬಳಿ ಕೊಂದುದು 1800ರ ಸೆಪ್ಟೆಂಬರ್ 10ರಂದು, ಪೊಳ್ಳಿಲೂರಿನ ಕಾಳಗಕ್ಕೆ ಸರಿಯಾಗಿ ಇಪ್ಪತ್ತು ವರ್ಷ ತುಂಬಿದ ದಿನ. ಬೇಲಿಗೆ ಸೆರೆಮನೆಯ ಹೆಸರೂ ಇದೆ, ಗುಂಬಜಿನ ಬಳಿ ಅವನ ಬಂಧುವು 1816ರಲ್ಲಿ ಕಟ್ಟಿಸಿದ ಸ್ಮಾರಕವೂ ಇದೆ. ಧೋಂಡಿಯಾನ ಹೆಸರನ್ನು ನಾನು ಕೋಟೆಯೊಳಗೆ ಎಲ್ಲಿಯೂ ಕಾಣಲಿಲ್ಲ.

ಅಲ್ಲಿಂದ ಇನ್ನೊಂದು ಸೆರೆಮನೆಗೆ ಹೋದೆನು. 1895ರಲ್ಲಿ ಥಾಮಸ್ ಇನ್ಮನ್ ಎಂಬಾತನಿಗೆ ಆಕಸ್ಮಿಕವಾಗಿ ಗೋಚರಿಸಿದ ಆ ನೆಲಮಾಳಿಗೆಯೂ ಬೇಲಿಯದರಂತೆ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಆದರೆ ಜಟಕಾದ ಸುತ್ತಿನಲ್ಲಿ ಅದಕ್ಕೆ ಸ್ಥಾನವಿಲ್ಲ, ನಾನು ಒತ್ತಾಯ ಮಾಡಿದುದರಿಂದಲೇ ಮುದುಕನು ಗಾಡಿ ತಿರುಗಿಸಿದನು. ಹೊಳೆಯ ತೇವವನ್ನು ಸದಾ ಹೀರುವ ಇಂಥ ಗೋಡೆಗಳಿಗೆ ಸುಣ್ಣದ ಗಾರೆಯೇ ತಕ್ಕುದು. ಸಿಮೆಂಟು ಮೆತ್ತಿದರೆ ತೇವವು ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತದೆ.

ಗೋಡೆಯನ್ನು ಕಾಯುವ ಇಲಾಖೆಯು ಕಥೆಯನ್ನೂ ಕಾಯಲೆಂದು ನನ್ನ ಬಿನ್ನಹ. ದಾಖಲೆಯುಳ್ಳ ಮಾತಾವುದು, ಜನ ಹೇಳುತ್ತ ಬಂದುದಾವುದು ಎಂಬುದನ್ನು ಬೇರೆಬೇರೆಯಾಗಿ ಕನ್ನಡದಲ್ಲಿ ಬರೆದು ಬಾಗಿಲಲ್ಲಿ ನಿಲ್ಲಿಸಲಿ. ಬೇಲಿ, ಬೇರ್ಡರ ಪಕ್ಕದಲ್ಲಿ ಚನ್ನಗಿರಿಯವನಿಗೂ ಒಂದು ಸಾಲು ಸಲ್ಲಲಿ.