ಹಿಂದೆ ಉರೀತಿದೆಯಾ?

ಬೈಕ್ ಓಡಿಸುವವನಿಗೆ ಕಾಣದೇ ಇರೋ ದೀಪ ಅಂದ್ರೆ ಟೈಲ್ ಲೈಟು. ಅದು ಆರಿಹೋದ ಸುದ್ದಿಯನ್ನು ಬೇರೆ ಯಾರಾದ್ರೂ ಹೇಳಬೇಕು. ನನಗೆ ಹೇಳಿದ್ದು ಒಬ್ಬ ಟೆಂಪೋ ಡ್ರೈವರ್.

ಹೋದ ಮಳೆಗಾಲದಲ್ಲಿ ಬೆಂಗಳೂರಿನಿಂದ ತೀರ್ಥಹಳ್ಳಿಗೆ ಬೈಕಲ್ಲೇ ಹೊರಟಿದ್ದೆ. ದೂರದ ಪ್ರಯಾಣಕ್ಕೆಂದೇ ಕೊಂಡ ಬೈಕು, ಹಿಂದೆ ಬಟ್ಟೆಬರೆಗೆ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ. ಪೆಟ್ಟಿಗೆಗೂ ಒಂದು ಕೆಂಪು ದೀಪ ಇದ್ರೆ ಚೆಂದ ಅಂತ ಟೈಲ್ ಲೈಟಿನ ವೈರಿನಿಂದ ನಾನೇ ಕವಲು ಎಳೆದು ಹಾಕಿಕೊಂಡಿದ್ದೆ. ಇಂಜಿನಿಯರ್ ಅಲ್ವಾ! (ಓದಿದ್ದು ಕಂಪ್ಯೂಟರ್ ಸೈನ್ಸು ಅನ್ನೋದು ಬೇರೆ ಮಾತು.)

ಶಿವಮೊಗ್ಗ ಬಿಡುವಾಗಲೇ ಕತ್ತಲು, ಜೊತೆಗೆ ಜಡಿಮಳೆ. ಗಾಜನೂರು ದಾಟಿದ ಮೇಲೆ ನೋಡ್ತೀನಿ, ಮೀಟರಿನ ದೀಪ ಆರಿದೆ. ಹೆಡ್‌ಲೈಟ್ ಇದೆಯಲ್ಲ, ಬಿಡು ಅಂದುಕೊಂಡೆ. ಆಫೀಸಲ್ಲೂ ನಾವು ಹೀಗೇ ತಾನೆ? ಎರರ್ ಅಲ್ಲ, ಬರೀ ವಾರ್ನಿಂಗು!

ಮಂಡಗದ್ದೆ ಹತ್ತಿರ ತಿರುವಿನಲ್ಲಿ ಬ್ರೇಕ್ ಹಾಕಿದೆ. ಹಿಂದೆ ಟಯರ್ ಉಜ್ಜಿದ ಸದ್ದು. ತಿರುಗಿ ನೋಡಿದ್ರೆ ಟೆಂಪೋ ಒಂದು ಮಾರು ದೂರದಲ್ಲಿ ನಿಂತಿದೆ.

"ಎಂಥ ಮಾರಾಯ್ರೆ, ಹಿಂದೆ ಒಂದು ಲೈಟೂ ಇಲ್ಲ! ನೀವು ಇದ್ದೀರಿ ಅಂತಲೇ ಗೊತ್ತಾಗ್ಲಿಲ್ಲ..." ಅಂದ. ಅವನ ಕೈಯೂ ನಡುಗ್ತಿತ್ತು.

ಫ್ಯೂಸ್ ಹೋಗಿತ್ತು. ಇದ್ದ ಒಂದೇ ಒಂದು ಹೊಸ ಫ್ಯೂಸ್ ಹಾಕಿದೆ, ಅದೂ ಚಟ್ ಅಂತ ಹೋಯ್ತು. ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತೋಣ್ವಾ ಅಂದ. ಬೇಡ ಅಂದೆ. ಫ್ಯೂಸ್ ಸುಡದಿದ್ರೆ ವೈರ್ ಸುಡುತ್ತೆ, ಅಷ್ಟು ಮಾತ್ರ ನನಗೆ ಗೊತ್ತಿತ್ತು.

"ಹಾಗಾದ್ರೆ ನೀವು ನಿಧಾನಕ್ಕೆ ಮುಂದೆ ಹೋಗಿ, ನಾನು ಹಿಂದೆ ಬರ್ತೀನಿ" ಅಂದ. ತೀರ್ಥಹಳ್ಳಿವರೆಗೂ ಹಾಗೇ ಬಂದ. ಪೇಟೆ ಬಂದ ಮೇಲೆ ಒಂದು ಹಾರ್ನ್ ಹೊಡೆದು ಹೊರಟೇ ಹೋದ. ಹೆಸರನ್ನೂ ಕೇಳಲಿಲ್ಲ ನಾನು.

ಬೆಳಿಗ್ಗೆ ಪೆಟ್ಟಿಗೆ ತೆಗೆದ್ರೆ ಬಟ್ಟೆಯೆಲ್ಲ ಒದ್ದೆ. ಅಪ್ಪ ವೈರು ಹಿಡಿದು, "ಯಾರೋ ಇದನ್ನ ಹೀಗೆ ಎಳೆದಿದ್ದು?" ಅಂದ್ರು. ಸುಮ್ಮನಿದ್ದೆ. ಪೆಟ್ಟಿಗೆ ಬಾಯಿಯ ರಬ್ಬರಿನ ಮೇಲೇ ವೈರ್ ಹಾಯಿಸಿದ್ದೆ. ಮುಚ್ಚಳ ಹಾಕಿದಾಗಲೆಲ್ಲ ಅದು ಜಜ್ಜಿ ಜಜ್ಜಿ, ಒಳಗಿನ ಎರಡೂ ತಂತಿ ಒಂದಕ್ಕೊಂದು ತಗುಲಿ ಶಾರ್ಟ್ ಆಗಿತ್ತು. ವೈರಿನ ದಪ್ಪಕ್ಕೆ ಮುಚ್ಚಳ ಸರಿಯಾಗಿ ಕೂರದೆ ನೀರು ಒಳಗೆ ಹೋಗಿತ್ತು. ತೊಂದರೆ ಎರಡು, ಕಾರಣ ಒಂದೇ... ನಾನು!

ಜಜ್ಜಿದ ಭಾಗ ಕತ್ತರಿಸಿ ತೆಗೆದೆವು. ಪೆಟ್ಟಿಗೆಯ ತಳದಲ್ಲಿ ತೂತು ಕೊರೆದು, ರಬ್ಬರ್ ಉಂಗುರ ಕೂರಿಸಿ, ಅದರೊಳಗಿಂದ ವೈರ್ ತಂದು, ಸುತ್ತ ಸಿಲಿಕೋನ್ ಬಳಿದೆವು. ಫ್ಯೂಸ್ ಮಾತ್ರ ಡಬ್ಬಿ ಮೇಲೆ ಬರೆದಷ್ಟೇ ಆಂಪಿಯರಿನದು. ಬಲ್ಬನ್ನೂ ಬಿಚ್ಚಿ ನೋಡಿದ್ವಿ. ಅದರೊಳಗೆ ಎರಡು ತಂತಿ: 5 ವ್ಯಾಟಿನದು ಸದಾ ಉರಿಯೋಕೆ, 21 ವ್ಯಾಟಿನದು ಬ್ರೇಕಿಗೆ. ಒಂದು ಹೋದರೂ ಇನ್ನೊಂದು ಉರಿಯುತ್ತೆ. ಹಾಗಾಗಿ ಎರಡನ್ನೂ ಬೇರೆ ಬೇರೆ ನೋಡಬೇಕು.

ಅಪ್ಪ ಕೊಡೆ ಹಿಡಿದು ಬೈಕಿನ ಹಿಂದೆ ನಿಂತರು.

"ಉರೀತಾ?"

"ಹ್ಞೂಂ."

"ಬ್ರೇಕು?"

"ಈಗ ಜೋರಾಗಿ ಉರೀತು."

ಚಿಕ್ಕವನಿದ್ದಾಗ ಅಪ್ಪನ ಸ್ಕೂಟರಿನ ಹಿಂದೆ ನಿಂತು ಹೀಗೇ ಕೂಗ್ತಿದ್ದವನು ನಾನು.

ಬೆಂಗಳೂರಲ್ಲಿ ಹಿಂದೆ ನಿಲ್ಲೋಕೆ ಯಾರೂ ಇಲ್ಲ. ಪಾರ್ಕಿಂಗಿನ ಗೋಡೆಗೆ ಬೆನ್ನು ಮಾಡಿ ಬೈಕ್ ನಿಲ್ಲಿಸಿ, ಬ್ರೇಕ್ ಒತ್ತಿ, ಗೋಡೆ ಕೆಂಪಾಯ್ತಾ ಅಂತ ನೋಡಿಕೊಂಡೇ ಹೊರಡ್ತೀನಿ. ನಿಮ್ಮದನ್ನೂ ಇವತ್ತೇ ಒಂದ್ಸಲ ನೋಡ್ಕೊಳ್ಳಿ. ಹಿಂದೆ ಬರೋರೆಲ್ಲ ಆ ಟೆಂಪೋದವನ ಹಾಗೆ ಇರೋಲ್ಲ.