ಭಾವನ ಹವಳಕ್ಕೆ ಹುಳ ಬಿದ್ದ ಚಳಿಗಾಲ

ನಮ್ಮ ಭಾವ ಹೊನ್ನಾವರದ ಕಡೆಯವರು. ಹಿತ್ತಿಲಲ್ಲಿ ನಿಂತರೆ ಕಡಲಿನ ಮೊರೆತ ಕೇಳುವಂಥ ಊರು ಅವರದು. ಓದು ಮುಗಿಸಿ ಅಮೆರಿಕಕ್ಕೆ ಹೋದರು, ನ್ಯೂಜೆರ್ಸಿಯಲ್ಲಿ ಕೆಲಸ ಹಿಡಿದರು, ಅಕ್ಕನನ್ನು ಮದುವೆಯಾಗಿ ಕರೆದುಕೊಂಡು ಹೋದರು. ಇಷ್ಟೆಲ್ಲ ಆದಮೇಲೂ ಕಡಲಿನ ಋಣ ಹರಿಯಲಿಲ್ಲ ನೋಡಿ. ಮನೆಯ ಬೇಸ್‌ಮೆಂಟಿನಲ್ಲಿ ದೊಡ್ಡದೊಂದು ಗಾಜಿನ ಟ್ಯಾಂಕ್ ಕೂರಿಸಿ, ಉಪ್ಪುನೀರು ತುಂಬಿ, ಅದರೊಳಗೆ ಜೀವಂತ ಹವಳ ಬೆಳೆಸತೊಡಗಿದರು. ಆ ಹವಳಕ್ಕೆ ಒಮ್ಮೆ ಹುಳ ಬಿತ್ತು. ಆಗ ನಾನು ಅಲ್ಲೇ ಇದ್ದೆ.

ಯಾವ ವರ್ಷ ಎಂದು ಕೇಳಿದರೆ ತಟ್ಟನೆ ಹೇಳಲಾರೆ. ಅಕ್ಕನ ಮಗಳಿಗೆ ಮುಂದಿನ ಹಲ್ಲೆರಡು ಬಿದ್ದಿದ್ದವು, ‘ಮಾವ’ ಅನ್ನುವಾಗ ಗಾಳಿ ಹೊರಡುತ್ತಿತ್ತು, ಅಷ್ಟು ನೆನಪಿದೆ. ಹೊರಗೆ ಹಿಮ ಬಿದ್ದು ಬಿದ್ದು ಬೇಲಿ ಯಾವುದು, ಹಾದಿ ಯಾವುದು ಎಂದು ತಿಳಿಯದಂತಾಗಿತ್ತು. ಸಿದ್ದಾಪುರದ ಮಳೆಗಾಲ ಕಂಡವನಿಗೆ ಮಳೆಯ ಸದ್ದಿಲ್ಲದ ಆ ಚಳಿ ಹೊಸತು. ಅಕ್ಕ ಹೊತ್ತುಹೊತ್ತಿಗೆ ಜೀರಿಗೆ, ಕೊತ್ತಂಬರಿ, ಮೆಂತೆ ಹುರಿದು ಪುಡಿಮಾಡಿದ ಕಷಾಯ ಕಾಸಿ, ಬೆಲ್ಲ ಹಾಕಿ, ಲೋಟದ ತುಂಬ ಕೊಡುತ್ತಿದ್ದಳು. ಊರಿನಿಂದ ನಾನು ಒಯ್ದ ಹಲಸಿನಕಾಯಿ ಹಪ್ಪಳ ಸುಟ್ಟು, ಮೇಲೆ ತೆಂಗಿನೆಣ್ಣೆ ಸವರಿ ಕೊಟ್ಟರೆ ಮಧ್ಯಾಹ್ನ ಕಳೆದದ್ದೇ ಗೊತ್ತಾಗುತ್ತಿರಲಿಲ್ಲ.

ಹವಳವೆಂದರೆ ನನಗೆ ಅದುವರೆಗೆ ಅಜ್ಜಿಯ ಕೊರಳಿನ ಸರ ಮಾತ್ರ. ಭಾವ ಕೂರಿಸಿಕೊಂಡು ತಿಳಿಸಿ ಹೇಳಿದರು. ಅದು ಕಲ್ಲಲ್ಲ, ಗಿಡವೂ ಅಲ್ಲ, ಪ್ರಾಣಿ. ಸಾವಿರಾರು ಪುಟ್ಟ ಪ್ರಾಣಿಗಳು ಒಟ್ಟಾಗಿ ಸುಣ್ಣದ ಗೂಡು ಕಟ್ಟಿಕೊಂಡು ಬದುಕುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಪಾಚಿ ಬೆಳಕಿನಲ್ಲಿ ಅಡುಗೆ ಮಾಡುತ್ತದೆ, ಹವಳ ಅದರ ಪಾಲು ಉಣ್ಣುತ್ತದೆ. ಅದಕ್ಕೇ ಟ್ಯಾಂಕಿನ ಮೇಲೆ ಅಷ್ಟು ಪ್ರಖರವಾದ ನೀಲಿ ದೀಪ. ನೀರು 25–26 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು, ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರಬೇಕು, ಗೂಡು ಕಟ್ಟಲು ಕ್ಯಾಲ್ಸಿಯಂ ಸಾಲದೆ ಬರಬಾರದು. ಬೆಳಗ್ಗೆ ಸ್ನಾನ ಮಾಡಿದ ಕೂಡಲೇ ಭಾವ ಸಣ್ಣ ಗಾಜಿನ ಕೊಳವೆಗಳಲ್ಲಿ ನೀರು ತುಂಬಿ ಹನಿ ಹಾಕಿ ಬಣ್ಣ ನೋಡುತ್ತಿದ್ದರು. ದೇವರ ಮುಂದೆ ಕೂರುವುದು ಅದಾದ ಮೇಲೆ.

ತಾಮ್ರವೆಂದರೆ ಅವರಿಗೆ ಎಲ್ಲಿಲ್ಲದ ಹೆದರಿಕೆ. ಅಕ್ಕ ನೀರು ಕುಡಿಯಲು ತವರಿನಿಂದ ಒಯ್ದ ತಾಮ್ರದ ಚೊಂಬು ಬೇಸ್‌ಮೆಂಟಿನ ಮೆಟ್ಟಿಲು ಇಳಿಯುವ ಹಾಗಿರಲಿಲ್ಲ. ನಲ್ಲಿಯ ನೀರೂ ತಾಮ್ರದ ಕೊಳವೆಯಲ್ಲಿ ಬರುತ್ತದೆಂದು ಫಿಲ್ಟರಿನಲ್ಲಿ ಸೋಸಿಯೇ ಟ್ಯಾಂಕಿಗೆ ಹಾಕುವುದು. ನನಗಿದು ಸೋಜಿಗ. ನಮ್ಮ ತೋಟದಲ್ಲಿ ಅಡಿಕೆಗೆ ಕೊಳೆ ಬಂದರೆ ಕಾಯುವುದೇ ತಾಮ್ರ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಮಳೆಗಾಲ ಹಿಡಿಯುವ ಮೊದಲು ಕೊನೆಗಾರ ಮರ ಹತ್ತಿ ಕೊನೆಗೆ ಹೊಡೆಯುತ್ತಾನೆ. ಮೈಸೂರು ಸಂಸ್ಥಾನದಲ್ಲಿ ಆ ಪದ್ಧತಿಗೆ ದಾರಿ ಮಾಡಿದವರು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಸಾಹೇಬರು. ಮಲೆನಾಡಿನ ಎಷ್ಟು ಮನೆಗಳ ಅನ್ನ ಅದರಿಂದ ಉಳಿಯಿತೋ! ಅದೇ ಮೈಲುತುತ್ತ ಕೊಂಚ ಹೆಚ್ಚಾದರೆ ಟ್ಯಾಂಕಿನ ಹವಳ, ಸಿಗಡಿ, ಶಂಖದ ಹುಳ ಎಲ್ಲ ಸತ್ತೇ ಹೋಗುತ್ತವೆ. ಒಂದು ಕಡೆಯ ಔಷಧ ಇನ್ನೊಂದು ಕಡೆಯ ವಿಷ. ತೋಟದ ಮಾತು ಬಂದರೆ ನನಗೆ ನಿಲ್ಲಿಸಲಾಗುವುದಿಲ್ಲ. ಹುಳದ ಕಥೆಗೆ ಬರುತ್ತೇನೆ.

ಟ್ಯಾಂಕಿನಲ್ಲಿ ಅಕ್ರೋಪೋರಾ ಎಂಬ ಜಾತಿಯ ಹವಳ ಹೆಚ್ಚು. ಕವಲು ಕವಲಾಗಿ ಬೆಳೆಯುವಂಥದು. ಅದರಲ್ಲೂ ಒಂದು ಕಡುನೀಲಿಯದು. ಹೆಬ್ಬೆರಳಿನಷ್ಟು ತುಂಡು ತಂದು ಅಂಗೈ ಅಗಲಕ್ಕೆ ಬೆಳೆಸಿದ್ದರು. ಅದರ ಬಣ್ಣ ಮಂಕಾಗತೊಡಗಿತು. ಭಾವನಿಗೆ ಮೊದಲು ಅನುಮಾನ ನೀರಿನ ಮೇಲೆ. ಅಳೆದರು, ಮತ್ತೆ ಅಳೆದರು, ಎಲ್ಲ ಸರಿಯಿತ್ತು. ದೀಪ ನೋಡಿದರು, ಪಂಪು ಬಿಚ್ಚಿ ತೊಳೆದರು. ಅನ್ನ ತಣಿದರೂ ಮೇಲೆ ಬರುತ್ತಿರಲಿಲ್ಲ. “ತಮಾ, ನೀನಾದ್ರೂ ಹೇಳೋ, ಊಟಕ್ಕೆ ಬರ್ಲಿ” ಎಂದು ಅಕ್ಕ ನನ್ನನ್ನು ಕೆಳಗೆ ಕಳಿಸುತ್ತಿದ್ದಳು. ಹೋದರೆ, “ಭಾವ, ಆ ಟಾರ್ಚ್ ಸ್ವಲ್ಪ ಹಿಡೀರಿ” ಎಂದು ನನ್ನನ್ನೂ ಅಲ್ಲೇ ನಿಲ್ಲಿಸಿಕೊಳ್ಳುತ್ತಿದ್ದರು.

ಆಗ ಬಂದವರು ಎರಡು ಬೀದಿ ಆಚೆಯ ಒಬ್ಬ ಹಿರಿಯರು. ಆಯುಷ್ಯವೆಲ್ಲ ಅಂಚೆ ಹಂಚಿ ನಿವೃತ್ತರಾದ ಅಮೆರಿಕನ್ನರು. ಅಕ್ಕನ ಮಗಳು ಅವರನ್ನು ಅಂಚೆ ಅಜ್ಜ ಎನ್ನುತ್ತಿದ್ದಳು, ನಮಗೂ ಅದೇ ರೂಢಿಯಾಯಿತು. ಎಷ್ಟು ಹಿಮ ಬೀಳಲಿ, ನಡೆದೇ ಬರುವುದು. ಜೇಬಿನಲ್ಲಿ ದಾರ ಕಟ್ಟಿದ ಭೂತಗನ್ನಡಿ. ಬಂದವರೇ ಹಲಸಿನ ಹಪ್ಪಳ ಎರಡು ತಿಂದು, ಕೈ ತೊಳೆದು ಒರೆಸಿಕೊಂಡು, ಆಮೇಲೇ ಟ್ಯಾಂಕಿನ ಮುಂದೆ ಕೂರುವುದು. ಬಹಳ ಹೊತ್ತು ಮಾತಿಲ್ಲ. ಕೊನೆಗೆ ಕೇಳಿದ್ದು, “ಟರ್ಕಿ ಬೇಸ್ಟರ್ ಇದೆಯೇ?”

ಟರ್ಕಿ ಕೋಳಿ ಬೇಯಿಸುವಾಗ ಅದರ ಮೇಲೆ ರಸ ಹಾಯಿಸಲು ಅಲ್ಲಿಯವರು ಬಳಸುವ, ರಬ್ಬರ್ ಬುರುಡೆಯ ಉದ್ದ ಕೊಳವೆ ಅದು. ಸಸ್ಯಾಹಾರಿ ಮನೆಯಲ್ಲಿ ಅದೊಂದು ಇತ್ತು, ಹವಳಕ್ಕೆ ಆಹಾರ ಹಾಕಲೆಂದೇ ತಂದದ್ದು. ಅಜ್ಜ ತೋಳು ಮಡಚಿ, ನೀರಿನೊಳಗೆ ಕೊಳವೆ ಇಳಿಸಿ, ನೀಲಿ ಹವಳದ ಬುಡಕ್ಕೆ ಜೋರಾಗಿ ನೀರು ಊದಿದರು. ಏನೋ ಒಂದು ಕಳಚಿ ತೇಲಿತು. ಮತ್ತೊಂದು. ಅವನ್ನು ಹೀರಿ ಬಿಳಿ ಬಟ್ಟಲಿಗೆ ಬಿಟ್ಟರು. ಕಿರುಬೆರಳ ಉಗುರಿಗಿಂತ ಚಿಕ್ಕದು, ಚಪ್ಪಟೆ, ಹೆಚ್ಚುಕಡಿಮೆ ಪಾರದರ್ಶಕ. ಬಟ್ಟಲಿನ ತಳದಲ್ಲಿ ಹರಿದಾಡತೊಡಗಿದಾಗ ಭಾವ ಕುರ್ಚಿಯಲ್ಲಿ ಕುಸಿದು ಕುಳಿತರು.

ಅಕ್ರೋಪೋರಾ ತಿನ್ನುವ ಚಪ್ಪಟೆ ಹುಳ ಅದು. ತಿಂದ ಹವಳದ ಬಣ್ಣವನ್ನೇ ಮೈಯಲ್ಲಿ ಹೊತ್ತು ಅದರ ಮೇಲೇ ಮಲಗಿರುತ್ತದೆ. ಎದುರಿಗೇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಕಾಣುವುದು ಅದು ಕಚ್ಚಿದ ಗುರುತು, ದುಂಡನೆಯ ಬಿಳಿ ಚುಕ್ಕೆ. ಇದರ ವಿಚಿತ್ರ ನೋಡಿ: ಜನ ಇದನ್ನು ಮೊದಲು ಕಂಡದ್ದು ಕಡಲಿನಲ್ಲಲ್ಲ, ಗಾಜಿನ ಟ್ಯಾಂಕುಗಳಲ್ಲಿ. ಕೇಟ್ ರಾಲಿನ್‌ಸನ್ ಮತ್ತು ಸಂಗಡಿಗರು ವಿಜ್ಞಾನದ ಹೆಸರಿಟ್ಟು ವಿವರಿಸಿದ್ದು 2011ರಲ್ಲಿ. ಮರುವರ್ಷವಷ್ಟೇ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಲಿಜಾರ್ಡ್ ದ್ವೀಪದ ಬಳಿ ಕಡಲಿನ ಹವಳದ ಮೇಲೂ ಅದು ಇರುವುದು ಪ್ರಕಟವಾಯಿತು. ಅಷ್ಟರೊಳಗೆ ಹವ್ಯಾಸಿಗಳ ಮನೆಗಳಲ್ಲಿ ಅದು ಎಷ್ಟು ಟ್ಯಾಂಕು ಬರಿದು ಮಾಡಿತ್ತೋ.

ಬಂದದ್ದು ಎಲ್ಲಿಂದ? ಹವಳ ಸಾಕುವವರು ತಮ್ಮಲ್ಲಿ ಬೆಳೆದದ್ದನ್ನು ತುಂಡು ಮಾಡಿ ಒಬ್ಬರಿಗೊಬ್ಬರು ಕೊಡುವುದುಂಟು, ಫ್ರ್ಯಾಗ್ ಎನ್ನುತ್ತಾರೆ. ಪರಿಚಯದವರೊಬ್ಬರು ಪ್ರೀತಿಯಿಂದ ಕೊಟ್ಟ ಹಸಿರು ಫ್ರ್ಯಾಗನ್ನು ಭಾವ ನೇರ ಟ್ಯಾಂಕಿಗೆ ಬಿಟ್ಟಿದ್ದರು. ಅದರ ಬುಡದಲ್ಲಿ ಮೊಟ್ಟೆ ಇತ್ತೆಂದು ಕೊಟ್ಟವರಿಗೂ ತಿಳಿದಿರಲಿಲ್ಲ.

ಅಜ್ಜ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು ತೋರಿಸಿದರು. ಮಾಂಸ ಸತ್ತು ಬರಿ ಸುಣ್ಣ ಉಳಿದಿದ್ದ ಬುಡದಲ್ಲಿ ಕಂದುಬಣ್ಣದ ಸಣ್ಣ ಸಣ್ಣ ಕಾಳು, ಗುಂಪಾಗಿ ಅಂಟಿದ್ದವು. “ಹುಳ ಸಾಯಿಸುವುದು ಸುಲಭ. ಇವು ಸಾಯುವುದಿಲ್ಲ. ಯಾವ ದ್ರಾವಣದಲ್ಲಿ ಅದ್ದಿದರೂ ಒಳಗೆ ಇಳಿಯುವುದಿಲ್ಲ” ಎಂದರು. ಮೊಟ್ಟೆ ಒಡೆಯಲು ಎರಡು ಮೂರು ವಾರ ಬೇಕು, ನೀರು ಬೆಚ್ಚಗಿದ್ದಷ್ಟೂ ಬೇಗ. ಆದ್ದರಿಂದ ಒಂದು ಸಲ ಔಷಧಿ ಮಾಡಿ ಗೆದ್ದೆವೆಂದು ಕೂತರೆ, ಮುಂದಿನ ತಿಂಗಳು ಮರಿಗಳು ಹೊರಗೆ.

ಮರುದಿನವೇ ಕೆಲಸ ಶುರು. ಅಕ್ರೋಪೋರಾ ಒಂದನ್ನೂ ಬಿಡದೆ ತೆಗೆದು, ಮರಳಿಲ್ಲದ ಬೇರೆ ಟ್ಯಾಂಕಿನಲ್ಲಿ ಇಡಬೇಕು. ಬಂಡೆಗೆ ಕಚ್ಚಿ ಬೆಳೆದವನ್ನು ಮೂಳೆ ಕತ್ತರಿಸುವ ಇಕ್ಕಳದಿಂದ ಕಡಿಯಬೇಕು. ಭಾವನಿಗೆ ಕೈ ಬರಲಿಲ್ಲ, ಅಜ್ಜನೇ ಕಡಿದರು. ಮೊಟ್ಟೆಯಿದ್ದ ಬುಡ ಎಸೆದು, ಮೇಲಿನ ಆರೋಗ್ಯದ ಕೊಂಬೆಯನ್ನು ಹೊಸ ಬಿಲ್ಲೆಗೆ ಗಟ್ಟಿ ಅಂಟಿನಿಂದ ಕೂರಿಸಿದರು. ಆಮೇಲೆ ವಾರಕ್ಕೊಮ್ಮೆ ಡಿಪ್. ಟ್ಯಾಂಕಿನ ನೀರನ್ನೇ ಬಕೆಟಿಗೆ ತೆಗೆದು, ದ್ರಾವಣ ಕಲಸಿ, ಹವಳ ಅದ್ದಿ, ಬೇಸ್ಟರಿನಿಂದ ಊದಿ ಹುಳ ಬೀಳಿಸುವುದು. ಬೇರೆ ಬಕೆಟಿನಲ್ಲಿ ತೊಳೆಯುವುದು. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಬುಡ ಕೆರೆಯುವುದು. ಕೆಲವರು ಇದಕ್ಕೆ ತೋಟದ ಕೀಟನಾಶಕ ಇಮಿಡಾಕ್ಲೋಪ್ರಿಡ್ ಬಳಸುತ್ತಾರೆಂದು ಕೇಳಿ ನನ್ನ ಕಿವಿ ನೆಟ್ಟಗಾಯಿತು. ನಮ್ಮೂರ ರೈತರಿಗೂ ಗೊತ್ತಿರುವ ಔಷಧವೇ. ಅದರ ಒಂದು ಹನಿಯೂ ಟ್ಯಾಂಕಿಗೆ ಹೋಗಬಾರದು, ಸಿಗಡಿ ಏಡಿ ಉಳಿಯುವುದಿಲ್ಲ. ಅಜ್ಜ ಅದನ್ನು ಮುಟ್ಟಗೊಡಲಿಲ್ಲ, ಹವಳಕ್ಕೆಂದೇ ಮಾರುವ ದ್ರಾವಣ ತರಿಸಿದರು. ಪೈನ್ ಎಣ್ಣೆಯ ವಾಸನೆ ಮನೆಯೆಲ್ಲ ತುಂಬಿ, ಅಕ್ಕನ ಅಪ್ಪೆಹುಳಿಯ ಒಗ್ಗರಣೆಯ ಘಮವೂ ಅಡಗಿಹೋಗುತ್ತಿತ್ತು.

ದೊಡ್ಡ ಟ್ಯಾಂಕಿನಲ್ಲಿ ಅಕ್ರೋಪೋರಾ ಇಲ್ಲವಾದ್ದರಿಂದ ಅಲ್ಲಿ ಉಳಿದ ಹುಳಗಳಿಗೆ ಉಪವಾಸ. ಮೊಟ್ಟೆ ಒಡೆದು ಬಂದ ಮರಿಗೂ ತಿನ್ನಲು ಏನಿಲ್ಲ. ಕಾವಲಿಗೆ ಆರು ಗೆರೆಯ ಪುಟ್ಟ ರ್‍ಯಾಸ್ ಮೀನೊಂದನ್ನು ತಂದು ಬಿಟ್ಟರು. ಬಂಡೆಯ ಸಂದಿಸಂದಿಯಲ್ಲೂ ನುಸುಳಿ ಹುಳ ಹೆಕ್ಕುವ ಜಾತಿ ಅದು. ರಾತ್ರಿಯಾದರೆ ಬಾಯಿಂದ ಲೋಳೆ ಬಿಟ್ಟು, ಅದರದೇ ಚೀಲದೊಳಗೆ ಮಲಗುತ್ತದೆ. ಅಕ್ಕನ ಮಗಳು ಅದು ಮಲಗಿದ್ದು ನೋಡದೆ ತಾನು ಮಲಗುತ್ತಿರಲಿಲ್ಲ. ಆದರೆ ಮೀನೊಂದನ್ನೇ ನಂಬಬೇಡಿ ಎಂದು ಅಜ್ಜ ಎಚ್ಚರಿಸಿದ್ದರು. ಅದು ಹುಳದ ಸಂಖ್ಯೆ ಕಡಿಮೆ ಮಾಡೀತು, ಬೇರು ಕಿತ್ತುಹಾಕದು.

ಡಿಪ್ ಆದ ಸಂಜೆಗಳಲ್ಲಿ ಅಜ್ಜ ಊಟಕ್ಕೂ ನಿಲ್ಲುತ್ತಿದ್ದರು. ತಂಬಳಿಯನ್ನು ಲೋಟದಲ್ಲಿ ಹಾಕಿಸಿಕೊಂಡು ಕುಡಿಯುತ್ತಾ ಕಥೆ ಹೇಳುವರು. ಇಂಗ್ಲೆಂಡಿನ ನ್ಯೂಕ್ವೇ ಊರಿನ ಬ್ಲೂ ರೀಫ್ ಅಕ್ವೇರಿಯಂನಲ್ಲಿ ಹವಳಗಳು ತುಂಡಾಗುತ್ತಿದ್ದುವಂತೆ, ಮೀನಿಗೂ ಗಾಯ. ಕಳ್ಳ ಯಾರೆಂದು ತಿಳಿಯದೆ, 2009ರಲ್ಲಿ ಕಲ್ಲೆಲ್ಲ ಎತ್ತಿ ನೋಡಿದರೆ ಸುಮಾರು ನಾಲ್ಕಡಿ ಉದ್ದದ ಹುಳ! ಅದಕ್ಕೆ ಬ್ಯಾರಿ ಎಂದು ಹೆಸರೂ ಇಟ್ಟರು. ಐಪ್ಟೇಸಿಯಾ ಎಂಬ ಕಂದು ಅನಿಮೋನಿಯ ಕಥೆ ಇನ್ನೊಂದು ಬಗೆ. ಸಿಟ್ಟಿನಿಂದ ಕಿತ್ತರೆ ಉಳಿದ ಚೂರೂ ಚಿಗುರಿ ಹೊಸದಾಗುತ್ತದೆ. ಪೆಪ್ಪರ್‌ಮಿಂಟ್ ಸಿಗಡಿಯೋ ಬರ್ಗಿಯಾ ಎಂಬ ಕಡಲಗೊಂಡೆಹುಳವೋ ತಿಂದು ಮುಗಿಸಬೇಕು. ಹೇನಿನಂಥ ಕೆಂಪು ಜೀವಿಯೊಂದಕ್ಕೆ ನಾಯಿಗಳಿಗೆ ಕೊಡುವ ಜಂತುಹುಳದ ಮಾತ್ರೆಯೇ ಮದ್ದು. ಒಂದೊಂದು ಹುಳಕ್ಕೆ ಒಂದೊಂದು ಉಪಾಯ. ಹುಳ ಯಾವುದೆಂದು ಗುರುತಿಸದೆ ಔಷಧಿ ಬಾಟಲಿಗೆ ಕೈ ಹಾಕಬಾರದು ಎನ್ನುವುದು ಅವರ ಮಾತು.

ನಡುವೆ ಒಂದು ರಾತ್ರಿ ಹಿಮಗಾಳಿಗೆ ಕರೆಂಟು ಹೋಯಿತು. ಎಷ್ಟು ಹೊತ್ತು ಹೋಗಿತ್ತೋ ಸರಿಯಾಗಿ ನೆನಪಿಲ್ಲ, ಬೆಳಗಾಗಲು ಬಹಳ ಹೊತ್ತು ಹಿಡಿಯಿತು. ಬ್ಯಾಟರಿಯ ಗಾಳಿಪಂಪು ಹಚ್ಚಿ, ಟ್ಯಾಂಕುಗಳಿಗೆ ಕಂಬಳಿ ಸುತ್ತಿ, ಭಾವನೂ ನಾನೂ ಪಕ್ಕದಲ್ಲೇ ಕುಳಿತೆವು. ಹೊನ್ನಾವರದಲ್ಲಿ ಅಪ್ಪನ ಜೊತೆ ಬಲೆ ಎಳೆಯುವುದನ್ನು ನೋಡಲು ಹೋಗುತ್ತಿದ್ದದ್ದು, ನೇತ್ರಾಣಿ ದ್ವೀಪದ ಸುತ್ತ ನೀರಿನಡಿ ಹವಳ ಇದೆಯೆಂದು ದೋಣಿಯವರು ಹೇಳುತ್ತಿದ್ದದ್ದು, ಎಲ್ಲ ಅವತ್ತು ಹೇಳಿದರು. ಅಕ್ಕನೂ ಎದ್ದು ಬಂದು ಗ್ಯಾಸಿನ ಮೇಲೆ ಅವಲಕ್ಕಿ ಒಗ್ಗರಣೆ ಹಾಕಿ ತಂದಳು. ಭಾವನ ಆ ಪ್ರೀತಿಯನ್ನು ಅಷ್ಟು ಹತ್ತಿರದಿಂದ ನಾನು ಕಂಡದ್ದು ಅಂದೇ.

ನೀಲಿ ಹವಳ ಉಳಿಯಲಿಲ್ಲ. ಬುಡದಿಂದ ಬಿಳಿಚುತ್ತಾ ಬಂದು ಒಂದು ದಿನ ಪೂರ್ತಿ ಬರಿ ಸುಣ್ಣವಾಯಿತು. ಉಳಿದವು ಮೆಲ್ಲಗೆ ಚೇತರಿಸಿಕೊಂಡವು. ಡಿಪ್ ಮಾಡಿದಾಗ ಬೀಳುವ ಹುಳ ಕಡಿಮೆಯಾಗುತ್ತಾ ಬಂದು, ಆಮೇಲೆ ಬಟ್ಟಲು ಖಾಲಿ. ಖಾಲಿಯಾದ ಮೇಲೂ ಅಜ್ಜ ಇನ್ನೂ ಕೆಲವು ವಾರ ಬಿಡಲಿಲ್ಲ. ನಾನು ಊರಿಗೆ ಹೊರಡುವ ಹೊತ್ತಿಗೆ ಹಿಮ ಕರಗಿ ಹುಲ್ಲು ಕಾಣುತ್ತಿತ್ತು, ಕೊಂಬೆಗಳ ತುದಿಯಲ್ಲಿ ಹೊಸ ಬಣ್ಣ ಬಂದಿತ್ತು. ಟ್ಯಾಂಕಿನ ಪಕ್ಕ ಚಿಕ್ಕದೊಂದು ಟ್ಯಾಂಕ್ ಕಾಯಂ ಆಯಿತು. ಅಂದಿನಿಂದ ಆ ಮನೆಗೆ ಬರುವ ಯಾವ ಹವಳವೂ ಮೊದಲು ಅಲ್ಲೇ ಇರಬೇಕು.

ಹವಳ ತಿನ್ನುವವರು ಕಡಲಲ್ಲೂ ಇದ್ದಾರೆ. ಗ್ರೇಟ್ ಬ್ಯಾರಿಯರ್ ರೀಫ್ 1985ರಿಂದ 2012ರೊಳಗೆ ತನ್ನ ಹವಳದ ಹೊದಿಕೆಯಲ್ಲಿ ಅರ್ಧದಷ್ಟು ಕಳೆದುಕೊಂಡಿತು. ಆ ನಷ್ಟದಲ್ಲಿ ಶೇ. 42ರಷ್ಟು ಮುಳ್ಳುಕಿರೀಟದ ನಕ್ಷತ್ರಮೀನಿನ ಪಾಲು ಎಂದು ಅಲ್ಲಿಯ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಆದರೂ ಕಡಲಿನಲ್ಲಿ ಆ ನಕ್ಷತ್ರಮೀನನ್ನು ತಿನ್ನುವ ದೊಡ್ಡ ಟ್ರೈಟನ್ ಶಂಖವಿದೆ, ಹುಳ ಹೆಕ್ಕುವ ಮೀನುಗಳಿವೆ. ಗಾಜಿನ ಟ್ಯಾಂಕಿನಲ್ಲಿ ಆ ಕೆಲಸಕ್ಕೆಲ್ಲ ಸಾಕಿದವನೊಬ್ಬನೇ ಹೊಣೆ.

ನಮ್ಮ ದೇಶದಲ್ಲಿ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ 2001ರಲ್ಲೇ ಸೇರಿವೆ. ಕಡಲಿನಿಂದ ಅವನ್ನು ಮುರಿದು ತರುವುದೂ ಮಾರುವುದೂ ಅಪರಾಧ. ನೋಡುವ ಆಸೆಯಿದ್ದವರು ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ, ನೀರಿಗಿಳಿದು ನೋಡಿ, ಮುಟ್ಟದೆ ಬನ್ನಿ. ಕಾನೂನು ಒಪ್ಪುವ ನಾಡಿನಲ್ಲಿದ್ದು ಹವಳ ಸಾಕುವ ನಮ್ಮವರಿಗೆ ಒಂದೇ ಮಾತು: ಎಷ್ಟೇ ಆತ್ಮೀಯರು ಕೊಟ್ಟಿರಲಿ, ಹೊಸ ಹವಳದ ಬುಡ ಕೆರೆದು, ಮೊಟ್ಟೆ ಒಡೆಯುವ ಕಾಲ ದಾಟುವವರೆಗೆ ಬೇರೆ ಇಟ್ಟು, ಆಮೇಲೆ ಒಳಗೆ ಬಿಡಿ.